ಮಾಲೀಕರಿಗೆ ಕೋಣೆ ಖಾಲಿ ಇಲ್ಲ

ತಿಪಟೂರು ಸೀಮೆಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬಲಿತ ತೆಂಗಿನಕಾಯಿಯನ್ನು ಕೆಡವಿದ ಕೂಡಲೇ ಎಲ್ಲವನ್ನೂ ಮಾರುವುದಿಲ್ಲ. ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ಸುಮ್ಮನೆ ಮಲಗಿರುತ್ತದೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು. ಆಗ ಸುಲಿದು ಒಡೆದರೆ ಇಡೀ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು ತಂದಿರುವುದು ಈ ಉಂಡೆಯೇ.

ಹೀಗೆ ವರ್ಷಗಟ್ಟಲೆ ಕಾಯುವುದೇ ಕಸುಬಾಗಿರುವ ನಮ್ಮ ಮನೆಯವರ ತಾಳ್ಮೆಯನ್ನೂ ಒಂದು ಸಂಗತಿ ಪರೀಕ್ಷೆ ಮಾಡಿತು. ಅದು ರಜೆಗೆ ಹೋಗಿ ಇಳಿದುಕೊಳ್ಳುವ ಕೋಣೆ. ಬಾಡಿಗೆಯ ಕೋಣೆಯಲ್ಲ, ನಮ್ಮದೇ ಪಾಲಿನ ಕೋಣೆ!

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ 2022ರಲ್ಲಿ ಒಂದು ರೆಸಾರ್ಟ್ ಕಂಪನಿಯ ಸದಸ್ಯನಾದ. ದುಡ್ಡನ್ನು ಕಂತಿನಲ್ಲಿ ಕಟ್ಟುವುದು, 25 ವರ್ಷ ಕಾಲ ಪ್ರತಿ ವರ್ಷ ಒಂದು ವಾರ ಅವರ ರೆಸಾರ್ಟುಗಳಲ್ಲಿ ಎಲ್ಲಾದರೂ ಇರುವುದು, ಇದು ಒಪ್ಪಂದ. ಕೊಡಗಿನಲ್ಲಿ ಉಂಟು, ಚಿಕ್ಕಮಗಳೂರಿನಲ್ಲಿ ಉಂಟು, ಊಟಿಯಲ್ಲಿ ಉಂಟು. ಮಗನಿಗೆ ಕಚೇರಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. "ಅಪ್ಪಾ, ಬುಕ್ ಮಾಡೋ ಕೆಲಸ ನೀವು ನೋಡ್ಕೊಳ್ಳಿ" ಎಂದು ಆ ಜವಾಬ್ದಾರಿಯನ್ನು ನಿವೃತ್ತನಾದ ನನಗೆ ಒಪ್ಪಿಸಿದ. ನಾನು ತೋಟದ ಲೆಕ್ಕದ ಪುಸ್ತಕದ ಹಿಂಬದಿಯಿಂದ ಹೊಸ ಲೆಕ್ಕ ಶುರು ಮಾಡಿದೆ.

ಅಕ್ಕನ ಆಸೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ನನ್ನ ಅಕ್ಕ. ವಯಸ್ಸು ಎಂಬತ್ತಕ್ಕೆ ಒಂದೆರಡು ಕಡಿಮೆ. ಮೊಮ್ಮಕ್ಕಳಿಗೆ ಅವಳು ದೊಡ್ಡಜ್ಜಿ. ಅವಳದು ಒಂದೇ ಆಸೆ: ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥ ಉಕ್ಕುವುದನ್ನು ನೋಡಬೇಕು, ಅದೂ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು.

ಅದಕ್ಕೆ ಅವಳ ಬಳಿ ಕಾರಣವೂ ಇತ್ತು. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿ ನೀರು ನಾಲೆಯಲ್ಲಿ ನಮ್ಮ ಸೀಮೆಗೆ ಬರುತ್ತದೆ, ಕೆರೆ ತುಂಬಿಸುತ್ತದೆ. ಆ ಹೇಮಾವತಿ ಮುಂದೆ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತಾಳೆ. "ಇಷ್ಟು ವರ್ಷ ಹೇಮಾವತಮ್ಮನ ನೀರು ಕುಡಿದಿದ್ದೀವಿ. ಅವಳು ಯಾರ ಮನೆಗೆ ಹೋಗಿ ಸೇರ್ತಾಳೋ ಆ ಮನೆ ನೋಡೋದು ಬೇಡ್ವೇನೋ?" ಎನ್ನುವುದು ಅಕ್ಕನ ವಾದ.

ತುಲಾ ಸಂಕ್ರಮಣ ಬರುವುದು ಅಕ್ಟೋಬರ್ 17ರ ಆಸುಪಾಸಿನಲ್ಲಿ. ಶಾಲೆಗಳಿಗೆ ದಸರಾ ರಜೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕೊಡಗಿನಲ್ಲಿ ನಮ್ಮ ಕಂಪನಿಯ ರೆಸಾರ್ಟೂ ಇದೆ. ಇನ್ನೇನು ಬೇಕು? ಎಲ್ಲ ಕೂಡಿಬಂದಿದೆ ಎಂದುಕೊಂಡು ಫೋನ್ ಮಾಡಿದೆ.

"ಸರ್, ನೀವು ನಮ್ಮ ಮಾಲೀಕರಿದ್ದ ಹಾಗೆ. ಆದರೆ ಆ ದಿನಗಳಿಗೆ ಕೋಣೆ ಖಾಲಿ ಇಲ್ಲ" ಎಂದಿತು ಆ ಕಡೆಯ ಸಿಹಿಯಾದ ದನಿ.

ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ತಲೆ ಎತ್ತಿ ಕೇಳಿದಳು: "ಮಾಲೀಕನ ಕೈಲೇ ಬೀಗದ ಕೈ ಇಲ್ಲ ಅಂದ್ರೆ ಅವನೆಂಥಾ ಮಾಲೀಕನೋ?"

ಹತ್ತು ಗಂಟೆಯ ಓಟ

ಮುಂದಿನ ವರ್ಷ, ಅಂದರೆ 2023ರಲ್ಲಿ, ನಾನು ತಯಾರಾಗಿಯೇ ಇದ್ದೆ. ಎಷ್ಟು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ ಎಂದು ಕೇಳಿ ಬರೆದುಕೊಂಡಿದ್ದೆ. ಆ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೊಮ್ಮಗನ ಸಹಾಯದಿಂದ ಲ್ಯಾಪ್‌ಟಾಪ್ ಮುಂದೆ ಕೂತೆ. ಕ್ಯಾಲೆಂಡರ್ ತೆರೆಯಿತು. ಅಕ್ಟೋಬರ್‌ನ ಚೌಕಗಳು ಹಸಿರಾಗಿದ್ದವು. ಒತ್ತಿದೆ. "ಒಟಿಪಿ ಹಾಕಿ" ಎಂದಿತು. ಒಟಿಪಿ ಹೋಗಿದ್ದು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದ ಮಗನ ಫೋನಿಗೆ. ಅವನು ಹೊರಗೆ ಬಂದು ನಾಲ್ಕು ಅಂಕಿ ಹೇಳುವಷ್ಟರಲ್ಲಿ ಚೌಕಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದವು. ಕಾಯುವವರ ಪಟ್ಟಿಯಲ್ಲಿ ನಮ್ಮ ಹೆಸರು ಸೇರಿತು. ಆ ಪಟ್ಟಿಯಲ್ಲಿ ನಾವು ಎಷ್ಟನೆಯವರು ಎಂದು ಕೇಳಿದರೆ, ಅದನ್ನು ಹೇಳುವ ಪದ್ಧತಿ ಇಲ್ಲವಂತೆ.

ಹೀಗೆ ಕೇಳುತ್ತಾ ಹೋದಂತೆ ಒಂದೊಂದೇ ನಿಯಮ ತಿಳಿಯುತ್ತಾ ಬಂತು. ವರ್ಷದ ವಾರಗಳನ್ನೆಲ್ಲ ಬೇಡಿಕೆಯ ಪ್ರಕಾರ ಬಣ್ಣಗಳಲ್ಲಿ ಹಂಚಿದ್ದಾರೆ. ನಮ್ಮದು ನಡುವಿನ ಬಣ್ಣ. ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯ ವಾರಗಳೆಲ್ಲ ಅದಕ್ಕಿಂತ ಮೇಲಿನ ಬಣ್ಣ. ಆ ವಾರಗಳಿಗೆ ಮೇಲಿನ ಬಣ್ಣದವರಿಗೆ ಮೊದಲ ಅವಕಾಶ, ಉಳಿದರೆ ನಮಗೆ. ಅದಕ್ಕೂ ನಮ್ಮ ಲೆಕ್ಕದಿಂದ ಹೆಚ್ಚು ದಿನ ಕಳೆಯುತ್ತಾರೆ. ಕೋಣೆ ಸಿಗಲಿ ಬಿಡಲಿ, ವರ್ಷದ ನಿರ್ವಹಣಾ ಶುಲ್ಕ ಕಟ್ಟಲೇಬೇಕು. ಊಟ ತಿಂಡಿಯ ಖರ್ಚು ಬೇರೆ. ತಡವಾಗಿ ರದ್ದು ಮಾಡಿದರೆ ದಿನಗಳು ನಷ್ಟ.

ನಾಲ್ಕನೇ ತರಗತಿಯ ಮೊಮ್ಮಗಳು ಇದನ್ನೆಲ್ಲ ಕೇಳಿಸಿಕೊಂಡು, "ತಾತ, ಇದು ಮ್ಯೂಸಿಕಲ್ ಚೇರ್ ಆಟ ಅಲ್ವಾ?" ಎಂದಳು.

ಮಕ್ಕಳೇ, ಒಂದು ಲೆಕ್ಕ ಮಾಡಿ

ಈ ಏರ್ಪಾಟಿಗೆ ಟೈಮ್‌ಶೇರ್ ಎಂದು ಹೆಸರು. ಕಾಲದ ಪಾಲು ಎನ್ನಬಹುದು. ಇದು ಹುಟ್ಟಿದ್ದು 1960ರ ದಶಕದ ಯೂರೋಪಿನಲ್ಲಿ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಎಂಬ ಸಂಸ್ಥೆ 1963ರಲ್ಲಿ ಶುರುವಾಯಿತು. ಹಲವರು ಸೇರಿ ಬಂಡವಾಳ ಹಾಕುವುದು, ರಜೆಮನೆಗಳನ್ನು ಹಂಚಿಕೊಂಡು ಬಳಸುವುದು ಅದರ ಯೋಚನೆ. ಒಬ್ಬೊಬ್ಬರೇ ಒಂದೊಂದು ಮನೆ ಕೊಂಡು ವರ್ಷವಿಡೀ ಬೀಗ ಹಾಕಿಡುವುದಕ್ಕಿಂತ ಇದು ಜಾಣತನವೇ ಸರಿ. ಆಮೇಲೆ ಕೆಲವರು ತಮ್ಮ ಪಾಲಿಗೆ ಒಂದೇ ಊರಿನ ಒಂದೇ ವಾರವನ್ನು ಕೊಂಡುಕೊಂಡರು. ಪ್ರತಿ ವರ್ಷ ಅದೇ ಊರು, ಅದೇ ವಾರ ಎಂದರೆ ಯಾರಿಗಾದರೂ ಬೇಸರ ಬಂದೀತು. ಅದಕ್ಕಾಗಿ 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಎಂಬ ಸಂಸ್ಥೆ ಹುಟ್ಟಿ, ಒಂದೂರಿನ ವಾರವನ್ನು ಇನ್ನೊಂದೂರಿನ ವಾರದೊಂದಿಗೆ ಅದಲುಬದಲು ಮಾಡಿಕೊಡತೊಡಗಿತು. ನಮ್ಮ ದೇಶಕ್ಕೆ ಈ ವ್ಯವಹಾರ 1980ರ ದಶಕದಲ್ಲಿ ಕಾಲಿಟ್ಟಿತು.

ಈಗ ಲೆಕ್ಕ. ಒಂದು ಕೋಣೆ ಇದೆ ಎನ್ನಿ. ವರ್ಷಕ್ಕೆ 52 ವಾರ. 52 ಮನೆಯವರಿಗೆ ತಲಾ ಒಂದು ವಾರ ಹಂಚಿದರೆ ಕಾಗದದ ಮೇಲೆ ಎಲ್ಲ ಸರಿಹೋಯಿತು. ಆದರೆ ಅವರಲ್ಲಿ 40 ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂದುಕೊಳ್ಳಿ. ಅವರು ಹೊರಡಬಹುದಾದ ವಾರಗಳು ಯಾವುವು? ದಸರಾದಲ್ಲಿ ಎರಡು, ಬೇಸಿಗೆಯಲ್ಲಿ ಏಳು, ಕ್ರಿಸ್‌ಮಸ್ ಹೊತ್ತಿಗೆ ಒಂದು. ಒಟ್ಟು ಹತ್ತು. ಹತ್ತು ವಾರಕ್ಕೆ ನಲವತ್ತು ಮನೆ! ಯಾರೂ ಮೋಸ ಮಾಡದಿದ್ದರೂ ಮೂವತ್ತು ಮನೆಯವರು ಹೊರಗುಳಿಯಲೇಬೇಕು. ಅತ್ತ ಜುಲೈ, ಆಗಸ್ಟ್‌ನಲ್ಲಿ ಕೋಣೆ ಖಾಲಿ ಬಿದ್ದಿರುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡೋಣ. ಆ ನಲವತ್ತು ಮನೆಗಳಿಗೆ ಸರದಿ ಹಾಕಿ. ಈ ವರ್ಷ ಹತ್ತು ಮನೆ, ಬರುವ ವರ್ಷ ಬೇರೆ ಹತ್ತು ಮನೆ. ಆಗ ಪ್ರತಿಯೊಬ್ಬರಿಗೂ ನಾಲ್ಕು ವರ್ಷಕ್ಕೊಮ್ಮೆ ರಜೆಯ ವಾರ ಸಿಕ್ಕೇ ಸಿಗುತ್ತದೆ. 25 ವರ್ಷದಲ್ಲಿ ಆರು ಸಲ. ಕಡಿಮೆಯೇ ಇರಬಹುದು, ಆದರೆ ಯಾವ ವರ್ಷ ನಮ್ಮದು ಎಂದು ಮೊದಲೇ ಗೊತ್ತು. ಎಂಬತ್ತರ ಅಂಚಿನಲ್ಲಿರುವ ಅಕ್ಕನಂಥವರಿಗೆ ಹಾಗೆ ಗೊತ್ತಿರುವುದು ದೊಡ್ಡ ಮಾತು.

ಸರದಿ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಹಿಂದೆ ಮೈಸೂರು ಸೀಮೆಯ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಅಣ್ಣತಮ್ಮಂದಿರ ಪಾಲಿನ ಬಾವಿಯಲ್ಲೂ ಅಷ್ಟೇ: ಸೋಮವಾರ ಒಬ್ಬನದು, ಮಂಗಳವಾರ ಇನ್ನೊಬ್ಬನದು. ದೇವಸ್ಥಾನದ ಅರ್ಚಕರ ಮನೆತನಗಳಲ್ಲಿ ಪೂಜೆಗೂ ಪಾಳಿ ಇರುತ್ತದೆ. ಜಗಳ ಆಗುವುದೇ ಇಲ್ಲ ಎಂದಲ್ಲ. ಆದರೆ ಅಲ್ಲಿ ಎಷ್ಟು ಪಾಲು, ಎಷ್ಟು ಜನ ಎನ್ನುವುದು ಎಲ್ಲರಿಗೂ ಗೊತ್ತು. ಮಲಗಿ ಎದ್ದರೂ ನಿಮ್ಮ ಮಂಗಳವಾರ ನಿಮ್ಮದೇ. ಹತ್ತು ಗಂಟೆಗೆ ಓಡಿಹೋಗಿ ಹಿಡಿಯಬೇಕಾದದ್ದು ಸರದಿಯಲ್ಲ, ಪೈಪೋಟಿ.

ಮನೆಯ ಹತ್ತಿರದ ನಾಲ್ಕು ದಿನ

ಆ 2023ರ ದಸರಾ ರಜೆಯಲ್ಲಿ ಬಟ್ಟೆಬರೆ ಕಟ್ಟಿಕೊಂಡು ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳ ಮುಖ ನೋಡಲಾಗಲಿಲ್ಲ. ಅವರನ್ನು ಕರೆದುಕೊಂಡು ಸುತ್ತಮುತ್ತಲೇ ನಾಲ್ಕು ದಿನ ತಿರುಗಿದೆವು. ಬೆಳಿಗ್ಗೆ ಹೋಗುವುದು, ಸಂಜೆ ಮನೆಗೆ ಬರುವುದು.

ಮೊದಲ ದಿನ ತಿಪಟೂರು ತಾಲ್ಲೂಕಿನದೇ ಆದ ಅರಳಗುಪ್ಪೆ. ಅಲ್ಲಿನ ಕಲ್ಲೇಶ್ವರ ದೇವಾಲಯ ಒಂಬತ್ತನೇ ಶತಮಾನದ್ದು. ಹೊರಗಿನಿಂದ ನೋಡಿದರೆ ಸಾದಾ ಗುಡಿ. ಒಳಗೆ ಹೋಗಿ ತಲೆ ಎತ್ತಬೇಕು. ಛಾವಣಿಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕುಗಳಲ್ಲಿ ಎಂಟು ದಿಕ್ಪಾಲಕರು. ಮೊಮ್ಮಗ ನೆಲದ ಮೇಲೆ ಅಂಗಾತ ಮಲಗಿಯೇ ಅವರನ್ನು ಎಣಿಸಿದ. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವ ದೇವಾಲಯವೂ ಇದೆ.

ಎರಡನೇ ದಿನ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯ. 1286ರಲ್ಲಿ ಕಟ್ಟಿದ್ದು, ಮೂರು ಗರ್ಭಗುಡಿಗಳ ತ್ರಿಕೂಟ. ಅಲ್ಲಿಂದ ತುರುವೇಕೆರೆಗೆ ಹೋಗಿ ಗಂಗಾಧರೇಶ್ವರ ಗುಡಿಯ ದೊಡ್ಡ ಕರಿಕಲ್ಲಿನ ನಂದಿಯನ್ನು ನೋಡಿದೆವು. ಎಣ್ಣೆ ಸವರಿದ ಹಾಗೆ ಹೊಳೆಯುವ ಅದರ ಮೈಯಲ್ಲಿ ಮೊಮ್ಮಗಳು ತನ್ನ ಮುಖ ಹುಡುಕಿದಳು.

ಮೂರನೇ ದಿನ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ. ಎರಡು ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ನಾಲ್ಕನೇ ದಿನ ದಸರೀಘಟ್ಟದ ಚೌಡೇಶ್ವರಿಗೆ ಕೈ ಮುಗಿದು, ಸಂಜೆ ತೋಟದಲ್ಲಿ ಎಳನೀರು ಕುಡಿದೆವು.

ಮಕ್ಕಳಿಗೆ ಖುಷಿಯಾಯಿತು. ನನಗೂ ಆಯಿತು. ಹಾಗಂತ ಹತ್ತಿರದ್ದು ಸಿಕ್ಕಿತು, ದೂರದ್ದು ಬೇಡ ಎಂದು ನಾನು ಹೇಳುವುದಿಲ್ಲ. ಎಲ್ಲೇ ಹೋದರೂ ಅಕ್ಕ "ಚೆನ್ನಾಗಿದೆ ಕಣೋ" ಎನ್ನುತ್ತಿದ್ದಳು. ರಾತ್ರಿ ಮಾತ್ರ ಕ್ಯಾಲೆಂಡರಿನ ಮುಂದೆ ನಿಂತು ತುಲಾ ಸಂಕ್ರಮಣ ಯಾವತ್ತು ಎಂದು ನೋಡುತ್ತಿದ್ದಳು.

2024ರ ಫೆಬ್ರವರಿಯಲ್ಲಿ ಸದಸ್ಯತ್ವದ ದಿನಗಳು ಹಾಳಾಗಬಾರದೆಂದು ನಾನು, ನನ್ನ ಹೆಂಡತಿ, ಅಕ್ಕ ಮೂವರೇ ಚಿಕ್ಕಮಗಳೂರಿಗೆ ಹೋದೆವು. ಸೋಮವಾರದಿಂದ ಗುರುವಾರದವರೆಗೆ ಕೋಣೆ ಕೇಳಿದ ತಕ್ಷಣ ಸಿಕ್ಕಿತು. ಕೋಣೆ ಅಚ್ಚುಕಟ್ಟು, ಕಿಟಕಿಯಾಚೆ ಕಾಫಿ ತೋಟ, ಕೆಲಸದವರು ಮರ್ಯಾದಸ್ಥರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕೊರತೆ ಒಂದೂ ಇರಲಿಲ್ಲ. ಮಕ್ಕಳ ಆಟದ ಜಾಗದಲ್ಲಿ ಉಯ್ಯಾಲೆಗಳು ಮಾತ್ರ ಸುಮ್ಮನೆ ತೂಗಾಡುತ್ತಿದ್ದವು. ಮಕ್ಕಳೆಲ್ಲ ಶಾಲೆಯಲ್ಲಿದ್ದರು.

ಕೆಂಪು ಬಸ್ಸಿನಲ್ಲಿ ಕಾವೇರಿಗೆ

2024ರಲ್ಲಿ ರಾಜ್ಯದ ಶಾಲೆಗಳಿಗೆ ಅಕ್ಟೋಬರ್ 3ರಿಂದ 20ರವರೆಗೆ ದಸರಾ ರಜೆ. ತುಲಾ ಸಂಕ್ರಮಣ 17ನೇ ತಾರೀಖು, ಗುರುವಾರ ಬೆಳಿಗ್ಗೆ. ಮಕ್ಕಳಿಗೂ ಅಕ್ಕನಿಗೂ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಈ ಸಲ ಒಟಿಪಿಗೆಂದೇ ಮಗ ರಜೆ ಹಾಕಿ ಫೋನ್ ಹಿಡಿದು ಕೂತ. ಹತ್ತು ಗಂಟೆಗೆ ಕ್ಯಾಲೆಂಡರ್ ತೆರೆದಾಗಲೇ ಆ ವಾರ ಬೂದಿಬಣ್ಣದಲ್ಲಿತ್ತು.

ಮಗ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ತಲೆ ಸವರಿ, "ಬಿಡು ಮಗ. ನಮ್ಮಪ್ಪ ಧರ್ಮಸ್ಥಳಕ್ಕೆ ಹೋದಾಗ ಯಾವ ಕೋಣೆ ಬುಕ್ ಮಾಡಿದ್ದ? ಬಸ್ಸಿದೆಯಲ್ಲ" ಎಂದಳು.

ಕುಶಾಲನಗರದ ಒಂದು ಸಾಧಾರಣ ವಸತಿಗೃಹಕ್ಕೆ ಫೋನ್ ಮಾಡಿ ಎರಡು ಕೋಣೆ ಗೊತ್ತು ಮಾಡಿದೆವು. 16ರಂದು ತಿಪಟೂರಿನಿಂದ ಅರಸೀಕೆರೆ, ಅಲ್ಲಿಂದ ಹಾಸನ, ಅಲ್ಲಿಂದ ಕುಶಾಲನಗರ. ದಾರಿಯುದ್ದಕ್ಕೂ ತೆಂಗು ಕಡಿಮೆಯಾಗುತ್ತಾ, ಗದ್ದೆ ಹೆಚ್ಚಾಗುತ್ತಾ, ಮೋಡ ಕೆಳಗಿಳಿಯುತ್ತಾ ಬಂತು. ಮೊಮ್ಮಗಳು ಎಷ್ಟು ಹೊತ್ತಿಗೆ ತೆಂಗಿನ ಮರ ಕಾಣುವುದು ನಿಲ್ಲುತ್ತದೆ ಎಂದು ಕಾಯುತ್ತಿದ್ದಳು. ಪೂರ್ತಿ ನಿಲ್ಲಲೇ ಇಲ್ಲ.

ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಎದ್ದು ಮಡಿಕೇರಿ ದಾರಿ ಹಿಡಿದೆವು. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿಲೋಮೀಟರ್. ಅಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ. ಅಲ್ಲಿಂದ ಎಂಟು ಕಿಲೋಮೀಟರ್ ಮೇಲೆ ಬ್ರಹ್ಮಗಿರಿಯ ಇಳಿಜಾರಿನಲ್ಲಿ ತಲಕಾವೇರಿ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಕೊಡವ ಅಜ್ಜಿಯೊಬ್ಬರು ಅಕ್ಕನಿಗೆ ತಮ್ಮ ಮನೆಯ ಪದ್ಧತಿ ಹೇಳಿದರು. ತೀರ್ಥೋದ್ಭವದ ಮರುದಿನ ಅವರು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಕಾವೇರಮ್ಮನೆಂದು ಕಣಿ ಪೂಜೆ ಮಾಡುತ್ತಾರೆ. ತೆಂಗಿನಕಾಯಿ ಎಂದದ್ದೇ ತಡ, ಅಕ್ಕ ಚೀಲದಿಂದ ನಮ್ಮ ತೋಟದ ಎರಡು ಕಾಯಿ ತೆಗೆದು ಅವರ ಮಡಿಲಿಗೆ ಹಾಕಿದಳು.

ಮೇಲೆ ಕೊರೆಯುವ ಗಾಳಿ, ಮಂಜು, ಎತ್ತ ನೋಡಿದರೂ ಜನ. ಅಕ್ಕನನ್ನು ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಕುಂಡಿಕೆಯ ಹತ್ತಿರಕ್ಕೆ ಹೋಗಲಾಗಲಿಲ್ಲ. ಜನರೆಲ್ಲ ಒಮ್ಮೆಗೇ "ಕಾವೇರಮ್ಮಾ" ಎಂದು ಕೂಗಿದಾಗ ತೀರ್ಥ ಬಂತೆಂದು ತಿಳಿಯಿತು. ಮಗನ ಹೆಗಲ ಮೇಲಿದ್ದ ಮೊಮ್ಮಗಳು, "ದೊಡ್ಡಜ್ಜಿ, ನೀರು ಚಿಮುಕಿಸ್ತಾ ಇದ್ದಾರೆ!" ಎಂದು ಕಂಡದ್ದನ್ನೆಲ್ಲ ಕೆಳಗೆ ವರದಿ ಮಾಡುತ್ತಿದ್ದಳು. ನಾಲ್ಕು ಹನಿ ನಮ್ಮ ಮೇಲೂ ಬಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತಿದ್ದಳು. ಏನು ಬೇಡಿಕೊಂಡಳೋ ನಾವು ಕೇಳಲಿಲ್ಲ.

ಹಿರಿಯರಿಗೆ ಎರಡು ಮಾತು

ಇಂಥ ಸದಸ್ಯತ್ವ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಾರದ ನಡುವೆ, ಮಳೆಗಾಲದಲ್ಲಿ, ಯಾವ ಊರಾದರೂ ಸರಿ ಎನ್ನುವವರಿಗೆ ಇದು ಹೊಂದುತ್ತದೆ. ಶಾಲೆಯ ರಜೆಗೂ ಹಬ್ಬದ ದಿನಕ್ಕೂ ಕಟ್ಟುಬಿದ್ದ ಮನೆಯವರು ಸಹಿ ಹಾಕುವ ಮುಂಚೆ ಕೆಲವನ್ನು ಕೇಳಿ ತಿಳಿಯಬೇಕು. ಒಟ್ಟು ಕೋಣೆ ಎಷ್ಟು, ಸದಸ್ಯರು ಎಷ್ಟು? ನಮಗೆ ಬೇಕಾದ ವಾರ ನಮ್ಮ ಬಣ್ಣದಲ್ಲಿದೆಯೇ? ವರ್ಷದ ಶುಲ್ಕ ಎಷ್ಟರವರೆಗೆ ಏರಬಹುದು? ಬಳಸದ ದಿನ ಮುಂದಿನ ವರ್ಷಕ್ಕೆ ಸೇರುತ್ತದೆಯೇ? ಬೇಡವಾದರೆ ಹೊರಬರುವ ದಾರಿ ಯಾವುದು? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿರಲಿ.

ಈಗಾಗಲೇ ಸದಸ್ಯರಾಗಿರುವವರು ಯಾವ ದಿನ ಕೇಳಿದೆವು, ಏನು ಉತ್ತರ ಬಂತು ಎಂದು ಬರೆದಿಡಿ. ಹೇಳಿದ ಮಾತಿಗೆ ಕಂಪನಿ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ತಾವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಂಪನಿಯ ಕಚೇರಿ ಎಲ್ಲೋ ಇದೆ ಎಂದು ಅಲ್ಲಿಗೆ ಅಲೆಯಬೇಕಿಲ್ಲ. ಕೇವಲ ದಸರಾ ವಾರ ಸಿಗಲಿಲ್ಲ ಎಂದರೆ ಸಾಲದು. ಏನು ಮಾತು ಕೊಟ್ಟಿದ್ದರು ಎಂಬುದನ್ನು ತೋರಿಸಬೇಕು. ಆಗ ನಿಮ್ಮ ಪುಸ್ತಕವೇ ಸಾಕ್ಷಿ.

ನಮ್ಮ ಒಪ್ಪಂದ ಮುಗಿಯಲು ಇನ್ನೂ ಎರಡು ದಶಕ ಬಾಕಿ ಇದೆ. ಮಗ, ಮಗಳು, ನನ್ನ ತಮ್ಮ ಮೂರೂ ಮನೆಯವರು ಕೂತು ಒಂದು ಸರದಿ ಮಾಡಿಕೊಂಡಿದ್ದೇವೆ. ಒಂದೊಂದು ವರ್ಷ ಒಂದೊಂದು ಮನೆಯವರು ಶುಲ್ಕ ಕಟ್ಟುವುದು, ಆ ವರ್ಷದ ಏಳು ದಿನ ಅವರದೇ. ಹಬ್ಬಕ್ಕೆ, ಜಾತ್ರೆಗೆ ಹೋಗುವುದಿದ್ದರೆ ಬಸ್ಸು. ಪಟ್ಟಿಯನ್ನು ಮೊಮ್ಮಗಳು ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಅದರ ಕೊನೆಯಲ್ಲಿ, ಯಾರೂ ಹೇಳದಿದ್ದರೂ, "ದೊಡ್ಡಜ್ಜಿಗೆ ಎಲ್ಲಾ ವರ್ಷವೂ" ಎಂದು ಸೇರಿಸಿದ್ದಾಳೆ. ಮೂರು ಮನೆಯವರಲ್ಲಿ ಯಾರೂ ಅದಕ್ಕೆ ತಕರಾರು ಹೇಳಿಲ್ಲ.